ಪೆಟ್ರೋಲಿಗೆ ಎಥೆನಾಲ್, ಒಲೆಗೆ ಗೋಬರ್ ಗ್ಯಾಸ್: ಸರ್ಕಾರದ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಅಡುಗೆ ಅನಿಲದಲ್ಲೂ ಸುಮಾರು ಶೇ 60 ಆಮದೇ. ಈ ಹೊರೆ ಇಳಿಸಲು ಸರ್ಕಾರ ಏನು ಮಾಡುತ್ತಿದೆ, ಅದರಿಂದ ಯಾರಿಗೆ ಏನು ಸಿಗುತ್ತದೆ ಎಂದು ಕಬ್ಬು ಮತ್ತು ಮೆಕ್ಕೆಜೋಳ ಬೆಳೆಯುವವರು, ಹಳೆಯ ಬೈಕ್ ಇಟ್ಟುಕೊಂಡವರು, ಕೊಟ್ಟಿಗೆಯಲ್ಲಿ ನಾಲ್ಕು ದನ ಇರುವವರು ಕೇಳುತ್ತಲೇ ಇರುತ್ತಾರೆ. ಉತ್ತರಗಳಲ್ಲಿ ಲೆಕ್ಕ ಬಿಡಿಸಿಟ್ಟಿದ್ದೇವೆ. ನಿಮ್ಮ ಊರಿನ ದರ ಹಾಕಿ ನೀವೇ ಇನ್ನೊಮ್ಮೆ ಮಾಡಿ ನೋಡಬಹುದು.

ಎಥೆನಾಲ್‌ಗೆ ಸರ್ಕಾರ ಸಬ್ಸಿಡಿ ಕೊಡುತ್ತದೆಯೇ?

ಎಥೆನಾಲ್ ಎಂದರೆ ಕಬ್ಬು, ಧಾನ್ಯ ಹುದುಗಿಸಿ ತೆಗೆದು ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ಅದಕ್ಕೆ ಲೀಟರಿಗೆ ಇಷ್ಟು ಎಂದು ನೇರವಾಗಿ ಖಾತೆಗೆ ಹಾಕುವ ಸಬ್ಸಿಡಿ ಇಲ್ಲ. ಅದಕ್ಕಿಂತ ದೊಡ್ಡದು ಸರ್ಕಾರ ಕೊಡುವ ಖರೀದಿಯ ಮಾತು. ವರ್ಷಕ್ಕೆ ಇಷ್ಟು ಕೋಟಿ ಲೀಟರ್ ಬೇಕು, ಇಂಥ ಕಚ್ಚಾವಸ್ತುವಿನಿಂದ ಮಾಡಿದ್ದಕ್ಕೆ ಇಂಥ ಬೆಲೆ ಎಂದು ಮೊದಲೇ ಗೊತ್ತಾಗುತ್ತದೆ. ತೈಲ ಕಂಪನಿಗಳು ಟೆಂಡರ್ ಕರೆದು ಅದರಂತೆ ಕೊಳ್ಳುತ್ತವೆ. ಆ ಕಾಗದವನ್ನು ನಂಬಿಯೇ ಬ್ಯಾಂಕು ಎಥೆನಾಲ್ ತಯಾರಿಸುವ ಡಿಸ್ಟಿಲರಿಗೆ ಸಾಲ ಕೊಡುತ್ತದೆ.

ಇದರ ಜೊತೆಗೆ ಮೂರು ಸಣ್ಣ ಆಸರೆಗಳಿವೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮೇಲಿನ ಜಿಎಸ್‌ಟಿಯನ್ನು ಶೇ 18ರಿಂದ 5ಕ್ಕೆ ಇಳಿಸಲಾಗಿದೆ. 2018ರಿಂದ ಬಂದ ಬಡ್ಡಿ ಸಹಾಯಧನ ಯೋಜನೆಗಳಲ್ಲಿ ಘಟಕ ಕಟ್ಟಲು ಪಡೆದ ಸಾಲಕ್ಕೆ ವರ್ಷಕ್ಕೆ ಶೇ 6 ಅಥವಾ ಬ್ಯಾಂಕ್ ಹಾಕುವ ಬಡ್ಡಿಯ ಅರ್ಧ, ಯಾವುದು ಕಡಿಮೆಯೋ ಅಷ್ಟನ್ನು, 5 ವರ್ಷ ಕೇಂದ್ರವೇ ತುಂಬುತ್ತದೆ. ಮೂರನೆಯದು ಭಾರತೀಯ ಆಹಾರ ನಿಗಮ ಕಡಿಮೆ ದರಕ್ಕೆ ಕೊಡುವ ಅಕ್ಕಿ. ಅದರ ಲೆಕ್ಕ ಮುಂದಿದೆ.

ಖರೀದಿಯ ಮಾತಿನ ಬಲ ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. ಪೆಟ್ರೋಲಿಗೆ ಶೇ 5 ಬೆರೆಸುವ ಕಾರ್ಯಕ್ರಮ ಶುರುವಾದದ್ದು 2003ರಲ್ಲಿ. ಹತ್ತು ವರ್ಷ ಕಳೆದು 2013-14ಕ್ಕೆ ಬಂದರೂ ಬೆರಕೆ ಶೇ 1.5ರ ಆಸುಪಾಸಿನಲ್ಲೇ ಇತ್ತು. ಬೆಲೆ ನಿಗದಿಯಾಗಿ, ಕಚ್ಚಾವಸ್ತುವಿಗೆ ತಕ್ಕ ಬೇರೆ ಬೇರೆ ದರ ಬಂದ ಮೇಲೆ 2022ರ ಜೂನ್‌ನಲ್ಲಿ ಶೇ 10 ಮುಟ್ಟಿತು, 2025ರಲ್ಲಿ ಶೇ 20 ಆಯಿತು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಅದು. ಶೇ 20 ಎಥೆನಾಲ್ ಇರುವ ಇ20 ಪೆಟ್ರೋಲ್ ಮೊದಲು ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು.

ಒಂದು ಟನ್ ಕಬ್ಬಿನಿಂದ ಕಾರ್ಖಾನೆಗೆ ಎಷ್ಟು ಬರುತ್ತದೆ, ರೈತನಿಗೆ ಎಷ್ಟು?

ಕಬ್ಬಿನ ರಸವನ್ನು ಸಕ್ಕರೆ ಮಾಡದೆ ನೇರವಾಗಿ ಹುದುಗಿಸಿದರೆ ಟನ್ನಿಗೆ ಸುಮಾರು 70 ಲೀಟರ್ ಎಥೆನಾಲ್ ಸಿಗುತ್ತದೆ. 2024-25ರ ಸಾಲಿನಲ್ಲಿ ಅದರ ದರ ಲೀಟರಿಗೆ 65.61 ರೂಪಾಯಿ. ಗುಣಿಸಿದರೆ ಸುಮಾರು 4,590 ರೂಪಾಯಿ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಉಳಿಯುವ 1,040 ರೂಪಾಯಿಯಲ್ಲಿ ಕಾರ್ಖಾನೆ ಕೂಲಿ, ರಾಸಾಯನಿಕ, ಸಾಲದ ಬಡ್ಡಿ ಎಲ್ಲ ತೂಗಿಸಬೇಕು. ಸಿಪ್ಪೆ ಸುಟ್ಟು ಮಾಡುವ ವಿದ್ಯುತ್ತಿನ ವರಮಾನ ಇದರ ಹೊರಗಿನದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರಸದ ಎಥೆನಾಲ್‌ಗೆ 65.61 ಎಂಬ ದರ 2022-23ರಿಂದ ಅಲ್ಲೇ ನಿಂತಿದೆ. ಆಗ ಎಫ್‌ಆರ್‌ಪಿ ಟನ್ನಿಗೆ 3,050 ಇತ್ತು. ಸಕ್ಕರೆ ಅಂಶ ಹೆಚ್ಚು ಉಳಿದಿರುವ ಬಿ-ಹೆವಿ ಕಾಕಂಬಿಯ ಎಥೆನಾಲ್ ದರವೂ 60.73ರಲ್ಲೇ ಇದೆ. ಸ್ವಲ್ಪ ಏರಿದ್ದು ಸಕ್ಕರೆ ಬಹುಪಾಲು ತೆಗೆದ ಮೇಲೆ ಉಳಿಯುವ ಸಿ-ಹೆವಿ ಕಾಕಂಬಿಯದು ಮಾತ್ರ, 2025ರ ಜನವರಿಯಲ್ಲಿ 57.97 ಆಯಿತು. ಕಬ್ಬಿನ ಬೆಲೆಯನ್ನು ಸರ್ಕಾರವೇ ಏರಿಸಿ, ಅದೇ ಕಬ್ಬಿನ ಎಥೆನಾಲ್ ಬೆಲೆಯನ್ನು ಕಟ್ಟಿಹಾಕಿದರೆ ನಡುವಿನ ಹೊರೆ ಬಾಕಿ ಬಿಲ್ಲಿನ ರೂಪದಲ್ಲಿ ರೈತನ ತಲೆಗೇ ಬರುತ್ತದೆ. ರೈತನ ಕೈಗೆ 3,550 ಪೂರ್ತಿ ಬರುವುದೂ ಇಲ್ಲ, ಕಟಾವು ಮತ್ತು ಸಾಗಣೆ ಖರ್ಚು ಅದರೊಳಗೇ ಕಳೆಯುತ್ತದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತ ರೈತರ ಹೋರಾಟವನ್ನು ಈ ಲೆಕ್ಕ ಮುಂದಿಟ್ಟುಕೊಂಡು ನೋಡಬೇಕು. ಎಫ್‌ಆರ್‌ಪಿ ಏರಿದಾಗ ಎಥೆನಾಲ್ ದರವೂ ತಾನಾಗಿ ಏರುವ ಸೂತ್ರ ಇರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

2023ರ ಡಿಸೆಂಬರ್‌ನಲ್ಲಿ ಎಥೆನಾಲ್ ತಯಾರಿಕೆ ಯಾಕೆ ನಿಂತಿತು?

ಆ ವರ್ಷ ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ ಮಳೆ ಕೈಕೊಟ್ಟಿತ್ತು. ಸಕ್ಕರೆ ಕಡಿಮೆಯಾಗಿ ಬೆಲೆ ಏರುವ ಭಯದಿಂದ ಕೇಂದ್ರ ಸರ್ಕಾರ ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥೆನಾಲ್ ಮಾಡುವುದಕ್ಕೆ ತಡೆ ಹಾಕಿತು. ಕಾರ್ಖಾನೆಗಳು ಆಗಲೇ ಕಬ್ಬು ನುರಿಸುತ್ತಿದ್ದವು, ಪೂರೈಕೆಯ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ನಿರ್ಬಂಧ ಪೂರ್ತಿ ತೆರವಾದದ್ದು ಮುಂದಿನ ಆಗಸ್ಟ್‌ನಲ್ಲಿ, 2024-25ರ ಸಾಲಿಗೆ.

ಗ್ರಾಹಕನಿಗೆ ಸಕ್ಕರೆ ಸಿಗಬೇಕು ಎಂಬುದು ಸರಿಯೇ. ಆದರೆ ಹಂಗಾಮಿನ ನಡುವೆ ಬಂದ ತಡೆಯಿಂದ ಘಟಕಗಳು ಖಾಲಿ ನಿಂತವು, ಬಡ್ಡಿ ಮಾತ್ರ ಓಡುತ್ತಿತ್ತು. ಮಳೆಯ ಅಂದಾಜು ಸೆಪ್ಟೆಂಬರ್ ಹೊತ್ತಿಗೆ ಗೊತ್ತಿರುತ್ತದೆ. ನುರಿಸುವಿಕೆ ಶುರುವಾಗುವ ಮುಂಚೆ ಹೇಳಿದ್ದರೆ ನಷ್ಟ ಬಹಳ ತಗ್ಗುತ್ತಿತ್ತು.

ಬ್ರೆಜಿಲ್ ಇದೇ ಪೆಟ್ಟು ತಿಂದ ದೇಶ. 1973ರ ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಅಲ್ಲಿನ ಸರ್ಕಾರ ಪ್ರೊಆಲ್ಕೂಲ್ ಕಾರ್ಯಕ್ರಮ ಶುರುಮಾಡಿತು. ಬರೀ ಎಥೆನಾಲ್‌ನಲ್ಲಿ ಓಡುವ ಕಾರುಗಳು ಬಂದವು. 1989ರ ಹೊತ್ತಿಗೆ ಕಾರ್ಖಾನೆಗಳು ಸಕ್ಕರೆಯತ್ತ ವಾಲಿ ಬಂಕುಗಳಲ್ಲಿ ಎಥೆನಾಲ್ ಸಿಗದಂತಾಯಿತು, ಜನ ಆ ಕಾರುಗಳನ್ನೇ ಬಿಟ್ಟರು. ನಂಬಿಕೆ ಮರಳಿದ್ದು 2003ರಲ್ಲಿ, ಪೆಟ್ರೋಲ್ ಎಥೆನಾಲ್ ಎರಡರಲ್ಲೂ ಓಡುವ ಫ್ಲೆಕ್ಸ್ ಕಾರುಗಳು ಬಂದ ಮೇಲೆ. ಅಲ್ಲಿ ಬಂಕಿಗೆ ಹೋದವನು ಎರಡರ ಬೆಲೆಯನ್ನೂ ನೋಡಿ ತನಗೆ ಬೇಕಾದದ್ದನ್ನು ಹಾಕಿಸಬಹುದು. ನಮ್ಮಲ್ಲಿ ಆ ಆಯ್ಕೆ ಇನ್ನೂ ಎಲ್ಲರಿಗೂ ಸಿಕ್ಕಿಲ್ಲ.

ಎಥೆನಾಲ್‌ನಿಂದ ಮೆಕ್ಕೆಜೋಳಕ್ಕೆ ಬೆಲೆ ಬರುತ್ತದೆ ಎಂದರು. ಬರಲಿಲ್ಲ, ಏಕೆ?

ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ದರ ಲೀಟರಿಗೆ 71.86, ಎಲ್ಲ ಬಗೆಗಿಂತ ಹೆಚ್ಚು. ಅಂದರೆ ಟನ್ನಿಗೆ ಸುಮಾರು 27,300 ರೂಪಾಯಿ. ಜೊತೆಗೆ ಹುದುಗಿಸಿ ಉಳಿದ ಚರಟ ಸುಮಾರು 300 ಕೆ.ಜಿ. ಪಶು ಆಹಾರಕ್ಕೆ ಮಾರಾಟವಾಗುತ್ತದೆ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400, ಟನ್ನಿಗೆ 24,000. ಈ ಬೆಲೆ ಕೊಟ್ಟರೂ ಡಿಸ್ಟಿಲರಿಗೆ ಸ್ವಲ್ಪ ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ 1,800ಕ್ಕೆ ಸಿಕ್ಕರೆ ಟನ್ನಿಗೆ 9,000ಕ್ಕೂ ಹೆಚ್ಚು ಉಳಿಯುತ್ತದೆ.

ಎಥೆನಾಲ್‌ಗೆ ಖಚಿತ ಬೆಲೆ ಇದೆ. ಮೆಕ್ಕೆಜೋಳಕ್ಕೆ ಆ ಬೆಲೆಯನ್ನು ದಾಟಿಸುವ ಕಟ್ಟುಪಾಡು ಇಲ್ಲ. ದಾವಣಗೆರೆ, ಹಾವೇರಿ ಕಡೆ ಅಕ್ಟೋಬರ್-ನವೆಂಬರ್‌ನಲ್ಲಿ ಎಲ್ಲರ ಬೆಳೆಯೂ ಒಂದೇ ಸಲ ಬಂದಾಗ ದರ ಬೀಳುತ್ತದೆ, ಕಮ್ಮಿಗೆ ಕೊಂಡವನಿಗೆ ಲಾಭ. ದಾರಿಯೇ ಇಲ್ಲವೆಂದಲ್ಲ. ಎಥೆನಾಲ್‌ಗಾಗಿ ಬೆಂಬಲ ಬೆಲೆಯಲ್ಲಿ ಕೊಳ್ಳಲು ಸಹಕಾರಿ ಸಂಸ್ಥೆಗಳಾದ ನಾಫೆಡ್‌ನ ಇ-ಸಮೃದ್ಧಿ ಮತ್ತು ಎನ್‌ಸಿಸಿಎಫ್‌ನ ಇ-ಸಂಯುಕ್ತಿ ಪೋರ್ಟಲ್‌ಗಳಿವೆ. ನೋಂದಣಿಯನ್ನು ಬಿತ್ತನೆ ಹೊತ್ತಿಗೇ ಮಾಡಿಸಿಟ್ಟುಕೊಳ್ಳಿ, ಕಾಳು ಕಣಕ್ಕೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಕಾಳಿನ ತೇವ ಶೇ 14ಕ್ಕೆ ಇಳಿಯುವವರೆಗೆ ಒಣಗಿಸಿ. ಹಸಿಯಾಗಿ ರಾಶಿ ಹಾಕಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ. ಅದು ಎಥೆನಾಲ್‌ಗೆ ಹೋಗದೆ ಚರಟದಲ್ಲೇ ಉಳಿದು ದನದ ಹೊಟ್ಟೆ ಸೇರುವುದರಿಂದ ಡಿಸ್ಟಿಲರಿಯವರು ಅಂಥ ಲೋಡು ವಾಪಸು ಕಳಿಸುತ್ತಾರೆ.

ತಿನ್ನುವ ಅಕ್ಕಿಯನ್ನು ಇಂಧನ ಮಾಡುವುದು ಸರಿಯೇ?

ಆಹಾರ ನಿಗಮಕ್ಕೆ ಅಕ್ಕಿ ಕೊಂಡು, ಸಾಗಿಸಿ, ಗೋದಾಮಿನಲ್ಲಿಡಲು ಕೆ.ಜಿ.ಗೆ ಸುಮಾರು 40 ರೂಪಾಯಿ ಬೀಳುತ್ತದೆ. 2025ರ ಜನವರಿಯಲ್ಲಿ ಎಥೆನಾಲ್ ಘಟಕಗಳಿಗೆ ಅದೇ ಅಕ್ಕಿಯನ್ನು 22.50ಕ್ಕೆ ಕೊಡುವ ನಿರ್ಧಾರವಾಯಿತು. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಸಿಗುತ್ತದೆ, ಅಂದರೆ ಲೀಟರಿಗೆ 2.2 ಕೆ.ಜಿ. ಅಕ್ಕಿ. ಈ ವ್ಯತ್ಯಾಸವನ್ನು ಲೀಟರಿಗೆ ಹಂಚಿದರೆ 35 ರೂಪಾಯಿಗೂ ಮೇಲೆ. ಇಂಧನದ ಲೆಕ್ಕದಲ್ಲಿ ಇದು ಕಾಣುವುದಿಲ್ಲ, ಆಹಾರ ಸಬ್ಸಿಡಿಯೊಳಗೆ ಅಡಗಿರುತ್ತದೆ. ಗೋದಾಮಿನಲ್ಲಿ ಕೊಳೆಯುವ ಹೆಚ್ಚುವರಿ ಅಕ್ಕಿಗೆ ಇದೊಂದು ದಾರಿ ಎಂಬುದನ್ನು ಒಪ್ಪಬಹುದು. ಅದೇ ಕಾಯಂ ಕಚ್ಚಾವಸ್ತುವಾಗುವುದನ್ನು ಒಪ್ಪಲಾಗದು.

ನೀರಿನ ಮಾತೂ ಇದೆ. ಕಬ್ಬಿನಿಂದ ಮಾಡುವ ಒಂದು ಲೀಟರ್ ಎಥೆನಾಲ್ ಹಿಂದೆ ಸುಮಾರು 2,860 ಲೀಟರ್ ನೀರಿದೆ ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ.

ಇಷ್ಟೆಲ್ಲ ಮಾಡಿ ಎಷ್ಟು ತೈಲ ಉಳಿಯಿತು?

ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಪ್ರಕಾರ 2014-15ರಿಂದ 2025ರ ಜುಲೈವರೆಗೆ ಸುಮಾರು 245 ಲಕ್ಷ ಟನ್ ಕಚ್ಚಾ ತೈಲಕ್ಕೆ ಬದಲಿ ಸಿಕ್ಕಿದೆ, 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ. ಮೊತ್ತ ದೊಡ್ಡದೇ. ಆದರೆ ದೇಶ ಒಂದೇ ವರ್ಷದಲ್ಲಿ ತರಿಸುವ ಕಚ್ಚಾ ತೈಲ ಸುಮಾರು 24 ಕೋಟಿ ಟನ್. ಹನ್ನೊಂದು ವರ್ಷದ ಉಳಿತಾಯ ಒಂದು ವರ್ಷದ ಆಮದಿನ ಹತ್ತನೇ ಒಂದು ಪಾಲು.

ಕಾರಣ ಸರಳ. ಎಥೆನಾಲ್ ಬೆರೆಯುವುದು ಪೆಟ್ರೋಲಿಗೆ ಮಾತ್ರ. ನಮ್ಮಲ್ಲಿ ಪೆಟ್ರೋಲ್ ವರ್ಷಕ್ಕೆ ಸುಮಾರು 4 ಕೋಟಿ ಟನ್ ಖರ್ಚಾದರೆ ಡೀಸೆಲ್ 9 ಕೋಟಿ ಟನ್. ಲಾರಿ, ಬಸ್ಸು, ಟ್ರ್ಯಾಕ್ಟರ್, ಪಂಪ್‌ಸೆಟ್ಟು ಓಡುವುದು ಡೀಸೆಲ್‌ನಲ್ಲಿ. ಅಲ್ಲಿ ಇನ್ನೂ ಏನೂ ಕದಲಿಲ್ಲ.

ಎಥೆನಾಲ್ ಬೆರೆಸಿದರೂ ಪೆಟ್ರೋಲ್ ಬೆಲೆ ಯಾಕೆ ಇಳಿಯಲಿಲ್ಲ?

2024-25ರಲ್ಲಿ ಸಾಗಣೆ, ಜಿಎಸ್‌ಟಿ ಸೇರಿ ಎಥೆನಾಲ್ ತೈಲ ಕಂಪನಿಗಳಿಗೆ ಸರಾಸರಿ ಲೀಟರಿಗೆ 71.32 ರೂಪಾಯಿಗೆ ಬಿದ್ದಿದೆ. ಆಗ ತೆರಿಗೆಗೆ ಮುಂಚಿನ ಪೆಟ್ರೋಲಿಗಿಂತ ಅದು ದುಬಾರಿಯಾಗಿತ್ತು. ರೈತನಿಗೆ ಬೆಲೆ ಕೊಡಬೇಕಾದರೆ ಎಥೆನಾಲ್ ಅಗ್ಗವಾಗುವುದಿಲ್ಲ. ಇದನ್ನು ಜನರಿಗೆ ಮೊದಲೇ ಬಿಡಿಸಿ ಹೇಳಬೇಕಿತ್ತು.

ಇ20ಯಿಂದ ಮೈಲೇಜ್ ಎಷ್ಟು ಬೀಳುತ್ತದೆ?

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿ ಇದ್ದರೆ ಎಥೆನಾಲ್‌ನಲ್ಲಿ ಸುಮಾರು 21. ಶೇ 20 ಬೆರೆಸಿದರೆ ಬರೀ ಪೆಟ್ರೋಲಿಗಿಂತ ಶೇ 6-7, ಮೊದಲಿದ್ದ ಇ10ಕ್ಕಿಂತ ಶೇ 3-4 ಶಕ್ತಿ ಕಡಿಮೆ. ನೀತಿ ಆಯೋಗದ ಅಂದಾಜೂ ಇದಕ್ಕೆ ಹೊಂದುತ್ತದೆ: ಹಳೆಯ ಕಾರಿಗೆ ಶೇ 6-7, ದ್ವಿಚಕ್ರ ವಾಹನಕ್ಕೆ 3-4, ಇ20ಗೆ ಹೊಂದಿಸಿದ ಕಾರಿಗೆ 1-2. ಲೀಟರಿಗೆ 50 ಕಿ.ಮೀ. ಕೊಡುತ್ತಿದ್ದ ಬೈಕ್ 48 ಕೊಟ್ಟರೆ ಅದು ಇಂಧನದ ಪ್ರಭಾವ. 42ಕ್ಕೆ ಇಳಿದಿದ್ದರೆ ಚೈನ್, ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿತ ನೋಡಿಸಿ.

ಹಳೆಯ ಬೈಕಿನಲ್ಲಿ ಯಾವ ಭಾಗ ಹಾಳಾಗುತ್ತದೆ?

ಮೊದಲು ಕೈಕೊಡುವುದು ರಬ್ಬರ್. ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಬರುವ ಪೈಪು, ಒಳಗಿನ ಓ-ರಿಂಗು, ಫ್ಲೋಟ್ ಬೌಲಿನ ಗ್ಯಾಸ್ಕೆಟ್ ಊದಿಕೊಂಡು ಆಮೇಲೆ ಬಿರುಕು ಬಿಡುತ್ತವೆ. ಪೈಪನ್ನು ಬೆರಳಲ್ಲಿ ಮಡಚಿ ನೋಡಿ. ಮಡಿಕೆಯಲ್ಲಿ ಸಣ್ಣ ಸೀಳುಗಳು ಕಂಡರೆ ಅಂದೇ ಬದಲಿಸಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ ಹೊತ್ತುತ್ತದೆ. ಕೊಳ್ಳುವಾಗ ಇ20ಗೆ ಒಗ್ಗುವ ಪೈಪೇ ಬೇಕೆಂದು ಕೇಳಿ.

ಎರಡನೆಯದು ಫಿಲ್ಟರ್. ಎಥೆನಾಲ್ ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ ಜಿಡ್ಡನ್ನು ಕರಗಿಸಿ ಎಬ್ಬಿಸುತ್ತದೆ. ಮೊದಲ ಒಂದೆರಡು ಸಾವಿರ ಕಿ.ಮೀ.ಯಲ್ಲಿ ಎಂಜಿನ್ ಎಳೆಯದೆ ಮುಗ್ಗರಿಸಿದರೆ ಫಿಲ್ಟರ್ ಕಟ್ಟಿದೆ ಎಂದೇ ತಿಳಿಯಿರಿ. 2023ರ ಏಪ್ರಿಲ್ ನಂತರ ತಯಾರಾದ ವಾಹನಗಳ ಭಾಗಗಳು ಇ20ಯನ್ನು ತಾಳುತ್ತವೆ.

ಮಳೆಗಾಲದಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎಥೆನಾಲ್ ಕಾರಣವೇ?

ಆಗಿರಬಹುದು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತೇ ಇದ್ದು ಉರಿದು ಹೋಗುತ್ತದೆ. ಮಿತಿ ಮೀರಿದರೆ ನೀರು, ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಇಂಧನ ಹೋಗುವ ಕೊಳವೆ ಇರುವುದೂ ತಳದಲ್ಲೇ.

ನೋಡುವ ಬಗೆ ಹೀಗೆ: ತಣ್ಣಗಿರುವ ಗಾಡಿಯ ಟ್ಯಾಂಕಿನ ತಳದಿಂದ 200 ಮಿ.ಲೀ. ಅನ್ನು ಬಯಲಲ್ಲಿ, ಬೀಡಿ-ಬೆಂಕಿ ದೂರವಿಟ್ಟು, ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಇಡಿ. ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಕು. ಹೊಸ ಪೆಟ್ರೋಲ್ ಸುರಿದು ಕಲಕಿದರೆ ಸರಿಹೋಗುವುದಿಲ್ಲ. ತೆಗೆದದ್ದನ್ನು ಚರಂಡಿಗೆ ಚೆಲ್ಲಬೇಡಿ, ಗ್ಯಾರೇಜಿಗೆ ಕೊಡಿ.

ಎಥೆನಾಲ್ ಪ್ರಮಾಣ ತಿಳಿಯಬೇಕಾದರೆ ಅಳತೆ ಗುರುತಿರುವ ಗಾಜಿನ ಸಿಲಿಂಡರಿನಲ್ಲಿ 40 ಮಿ.ಲೀ. ಪೆಟ್ರೋಲಿಗೆ 40 ಮಿ.ಲೀ. ನೀರು ಹಾಕಿ, ಕಲಕಿ, ಬಿಡಿ. ಎಥೆನಾಲ್ ನೀರಿಗೆ ಇಳಿಯುತ್ತದೆ. ಕೆಳಗಿನ ಪದರ 48ರ ಹತ್ತಿರ ನಿಂತರೆ ಅದು ಇ20.

ಎರಡು ತಿಂಗಳು ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಇರಬಾರದು. ಕಾರ್ಬ್ಯುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬಿಡಿ.

ಹೊಂಗೆ ಎಣ್ಣೆಯಿಂದ ಡೀಸೆಲ್ ಎಂದಿದ್ದರಲ್ಲ, ಅದೇನಾಯಿತು?

ಕರ್ನಾಟಕ 2009ರಲ್ಲೇ ಜೈವಿಕ ಇಂಧನ ನೀತಿ ತಂದ ರಾಜ್ಯ. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಬಂತು, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಸಸಿ ಹಂಚಲಾಯಿತು. ಸಸಿಗೆ ದುಡ್ಡು ಇತ್ತು, ಬೀಜಕ್ಕೆ ಖಚಿತ ಬೆಲೆ ಇರಲಿಲ್ಲ. ಕಬ್ಬಿನ ಎಥೆನಾಲ್‌ಗೆ ಸಿಕ್ಕ ಖರೀದಿಯ ಮಾತು ಹೊಂಗೆಗೆ ಸಿಗಲೇ ಇಲ್ಲ.

ತಾಂತ್ರಿಕ ತೊಡಕೂ ಇದೆ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು 4 ಕೆ.ಜಿ. ಬೀಜ ಬೇಕು. ಹಳೆಯ ಬೀಜದ ಎಣ್ಣೆಯಲ್ಲಿ ಆಮ್ಲದ ಅಂಶ ಹೆಚ್ಚು. ಅದನ್ನು ಮೊದಲು ತಗ್ಗಿಸದೆ ಮೆಥನಾಲ್ ಮತ್ತು ಕ್ಷಾರ ಹಾಕಿದರೆ ಬಯೋಡೀಸೆಲ್ ಬದಲು ಸಾಬೂನು ಕಟ್ಟುತ್ತದೆ. ಹೀಗಾಗಿ ಬೀಜ ಕೂಡಿಟ್ಟವರಿಗೆ ಎಣ್ಣೆಗಿಂತ ಹೊಂಗೆ ಹಿಂಡಿಯೇ ಅಡಿಕೆ, ತೆಂಗಿನ ತೋಟದವರಿಗೆ ಮಾರಲು ಸುಲಭ. ಡೀಸೆಲ್‌ನ ಹೊರೆ ಇಳಿಸಬೇಕೆಂದಿದ್ದರೆ ಬೀಜಕ್ಕೆ ಬೆಲೆ ಕಟ್ಟುವುದರಿಂದಲೇ ಶುರುಮಾಡಬೇಕು.

ಗೋಬರ್ ಗ್ಯಾಸ್‌ಗೆ ಎಷ್ಟು ಸಹಾಯಧನ ಸಿಗುತ್ತದೆ?

ಸರ್ಕಾರದ ದುಡ್ಡು ನೇರವಾಗಿ ಮನೆ ಬಾಗಿಲಿಗೆ ಬರುವುದು ಇಲ್ಲಿ. 2021-22ರಿಂದ 2025-26ರ ಅವಧಿಗೆ ಪ್ರಕಟವಾದ ರಾಷ್ಟ್ರೀಯ ದರದಂತೆ ದಿನಕ್ಕೆ 2ರಿಂದ 4 ಘನ ಮೀಟರ್ ಅನಿಲ ಕೊಡುವ ಸ್ಥಾವರಕ್ಕೆ ಸಾಮಾನ್ಯ ವರ್ಗದವರಿಗೆ 14,350, ಪರಿಶಿಷ್ಟ ಜಾತಿ-ಪಂಗಡದವರಿಗೆ 22,000 ರೂಪಾಯಿ. ಶೌಚಾಲಯ ಜೋಡಿಸಿದರೆ ಇನ್ನೂ 1,600. ಗುಂಡಿ ತೋಡುವ ಮುಂಚೆಯೇ ತಾಲ್ಲೂಕು ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು, ಈಗಿನ ದರ ಕೇಳಿ, ಮಂಜೂರಾತಿ ಪಡೆಯಿರಿ. ಕಟ್ಟಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಕಟ್ಟುವವರು ತರಬೇತಿ ಪಡೆದ ಮೇಸ್ತ್ರಿಯೇ ಆಗಿರಲಿ.

2 ಘನ ಮೀಟರ್‌ಗೆ ದಿನಕ್ಕೆ 50 ಕೆ.ಜಿ. ಸೆಗಣಿ, 50 ಲೀಟರ್ ನೀರು ಬೇಕು. ಮಿಶ್ರತಳಿಯ ನಾಲ್ಕು ಹಸು ಕಟ್ಟಿದ್ದರೆ ಸಾಕಾಗುತ್ತದೆ. ಮಲೆನಾಡು ಗಿಡ್ಡ ಮೇಯಲು ಹೋಗಿ ಬರುವಂಥದ್ದು, ಕೊಟ್ಟಿಗೆಯಲ್ಲಿ ಒಂದೊಂದರಿಂದ 4-5 ಕೆ.ಜಿ. ಸಿಕ್ಕರೆ ಹೆಚ್ಚು. ದನದ ತಲೆ ಎಣಿಸದೆ ಒಂದು ವಾರ ಸೆಗಣಿ ತೂಗಿ ಅಳತೆ ನಿರ್ಧರಿಸಿ. ಚೆನ್ನಾಗಿ ನಡೆದರೆ ದಿನಕ್ಕೆ 850 ಗ್ರಾಂ ಎಲ್‌ಪಿಜಿಗೆ ಸಮ, ತಿಂಗಳಿಗೆ ಒಂದೂಮುಕ್ಕಾಲು ಸಿಲಿಂಡರ್. ಚಳಿಗಾಲದಲ್ಲಿ ಕಡಿಮೆ.

ಸ್ಥಾವರ ಕಟ್ಟಿಸಿ ಗ್ಯಾಸ್ ಬರುತ್ತಿಲ್ಲ. ಎಲ್ಲಿ ನೋಡಬೇಕು?

ಮೊದಲ ಸಲ ತುಂಬಿಸಿ ಎರಡು ಮೂರು ವಾರವಾದರೂ ಕಾಯಿರಿ. ಮೊದಲು ಬರುವ ಅನಿಲ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಹೊತ್ತುವುದಿಲ್ಲ, ಹೊರಗೆ ಬಿಟ್ಟುಬಿಡಿ.

ಆಮೇಲೂ ಒಲೆ ಹೊತ್ತಿ ಹೊತ್ತಿ ಆರುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ. ಪೈಪು ನೀರು ಇಳಿದು ಸೇರುವ ಟ್ರ್ಯಾಪ್ ಕಡೆಗೆ ಇಳಿಜಾರಾಗಿರಬೇಕು, ಜೋತು ಬಿದ್ದ ಜಾಗದಲ್ಲೇ ನೀರು ತುಂಬುವುದು. ಒತ್ತಡವೇ ಇಲ್ಲವೆಂದರೆ ಸಾಬೂನು ನೊರೆಯನ್ನು ಎಲ್ಲ ಜೋಡಣೆಗಳಿಗೂ, ಗುಮ್ಮಟದ ಮೇಲಿನ ವಾಲ್ವಿಗೂ ಹಚ್ಚಿ, ಗುಳ್ಳೆ ಎದ್ದಲ್ಲಿ ಸೋರಿಕೆ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕಬೇಡಿ. ನೆಲದೊಳಗೆ ಇಟ್ಟಿಗೆಯಲ್ಲಿ ಕಟ್ಟುವ ದೀನಬಂಧು ಮಾದರಿಯ ಗುಮ್ಮಟದ ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋಗಿದ್ದರೆ ಒಳಗಿನ ಒತ್ತಡಕ್ಕೆ ಇಟ್ಟಿಗೆ ಬಿರಿಯುತ್ತದೆ, ಮಣ್ಣು ಮತ್ತೆ ಏರಿಸಿ.

ಸೋರಿಕೆಯೂ ಇಲ್ಲವೆಂದರೆ ಸ್ಥಾವರದ ಹೊಟ್ಟೆಯೊಳಗಿನ ತೊಂದರೆ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು, ಆಂಟಿಬಯೋಟಿಕ್ ಕೊಟ್ಟ ಹಸುವಿನ ಸೆಗಣಿ ಬಿದ್ದರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಅಂಥ ಹಸುವಿನ ಸೆಗಣಿಯನ್ನು ಮದ್ದು ಮುಗಿದು ಒಂದು ವಾರದವರೆಗೆ ಗೊಬ್ಬರದ ಗುಂಡಿಗೆ ಹಾಕಿ. ಹುಲ್ಲು, ಅಡಿಕೆ ಸಿಪ್ಪೆ ಹೋದರೆ ಮೇಲೆ ಕೆನೆಯಂತೆ ಗಟ್ಟಿ ಪದರ ಕಟ್ಟಿ ಗ್ಯಾಸ್ ಏಳಲು ಬಿಡುವುದಿಲ್ಲ. ಒಳಹರಿವಿನ ಬಾಯಿಂದ ಉದ್ದನೆಯ ಬಿದಿರು ಹಾಕಿ ದಿನಾ ಹತ್ತಿಪ್ಪತ್ತು ಸಲ ಆಡಿಸಿ, ಸೆಗಣಿ, ನೀರು ಸಮ ಅಳತೆಯಲ್ಲಿ ಬೆರೆಸಿದ ಬಗ್ಗಡವನ್ನೇ ಹಾಕುತ್ತಾ ಹೋಗಿ. ಹೊರಬರುವ ಬಗ್ಗಡ ಹುಳಿ ವಾಸನೆ ಹೊಡೆದರೆ, ಅದು ಹೋಗುವವರೆಗೆ ಹಾಕುವ ಸೆಗಣಿಯನ್ನು ಅರ್ಧಕ್ಕೆ ಇಳಿಸಿ.